ಪದಚರ್ಚೆ: ‘ತೆರಿಗೆ ಕಡಿತ’, ‘ಅನಿಯಂತ್ರಣ’, ‘ಹಿಂಜರಿತ’ – ಇವುಗಳ ನಡುವೆ ಯಾವ ಕ್ರಿಯಾಪದ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ತೆರಿಗೆಯನ್ನು ಇಳಿಸಿ ಉದ್ಯಮಗಳ ಮೇಲಿನ ನಿಯಂತ್ರಣವನ್ನು ಸಡಿಲಿಸಿದರೆ ದೇಶ ಆರ್ಥಿಕ ಹಿಂಜರಿತಕ್ಕೆ ಬೀಳುತ್ತದೆಯೇ ಎಂಬುದರ ಬಗೆಗಿನ, ಅಮೆರಿಕದ ನಿದರ್ಶನಗಳಿರುವ ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವೆರಡೂ ಹಿಂಜರಿತಕ್ಕೆ ಕಾರಣ ಎಂದು ಖಚಿತವಾಗಿ ಹೇಳುವ ಅದರ ಮೊದಲ ವಾಕ್ಯದಲ್ಲಿ ಮೂರು ನಾಮಪದಗಳೂ ಒಂದು ಕ್ರಿಯಾಪದವೂ ಇವೆ. ಎರಡು ವಾರವಾದರೂ ಆ ವಾಕ್ಯವನ್ನು ದಾಟಿ ಮುಂದೆ ಹೋಗಲಾಗಿಲ್ಲ.

ಮೊದಲ ಕರಡಿನಲ್ಲಿ ಪತ್ರಿಕೆಗಳ ರೂಢಿಯಂತೆ ‘ತೆರಿಗೆ ಕಡಿತ’ ಎಂದು ಬರೆದಿದ್ದೆ. ಬಸವನಗುಡಿಯ ಮನೆಯಲ್ಲಿ ನಮ್ಮೊಡನೆಯೇ ಇರುವ, ನಿವೃತ್ತ ಶಿಕ್ಷಕರಾದ ನಮ್ಮ ಮಾವನವರು ಅದನ್ನು ಓದಿ, ‘ನನ್ನ ಪಿಂಚಣಿಯಲ್ಲಿ ಹಿಡಿಯೋ ದುಡ್ಡಿಗೂ ಅಮೆರಿಕ ಮುಳುಗೋದಕ್ಕೂ ಏನಮ್ಮಾ ಸಂಬಂಧ?’ ಎಂದರು. ತಪ್ಪು ಅವರದಲ್ಲ. ಟಿಡಿಎಸ್ ಎಂಬುದನ್ನು ನಾವೇ ‘ಮೂಲದಲ್ಲಿ ತೆರಿಗೆ ಕಡಿತ’ ಎಂದು ಬರೆಯುತ್ತ ಬಂದಿದ್ದೇವೆ. ಹೀಗಾಗಿ ಒಂದೇ ಪದ ಒಂದು ಕಡೆ ಸರ್ಕಾರ ಕಡಿಮೆ ತೆಗೆದುಕೊಳ್ಳುವುದನ್ನೂ ಇನ್ನೊಂದು ಕಡೆ ಕೈಗೆ ಬರುವ ಮುಂಚೆಯೇ ಹಣ ಹಿಡಿದುಕೊಳ್ಳುವುದನ್ನೂ ಹೇಳುವಂತಾಗಿದೆ. ಆಡುಮಾತಿನಲ್ಲಿ ಈ ಗೊಂದಲವಿಲ್ಲ: ಸಂಬಳದಲ್ಲಿ ‘ಮುರಿದುಕೊಂಡರು’, ಬಜೆಟ್ಟಿನಲ್ಲಿ ‘ಇಳಿಸಿದರು’. ಆದ್ದರಿಂದ ‘ತೆರಿಗೆ ಇಳಿಕೆ’ ಎಂದು ತಿದ್ದಿದೆ. ಸರ್ಕಾರದ ವರಮಾನವೇ ಇಳಿಯಿತು ಎಂದು ಯಾರಾದರೂ ಓದಿಯಾರು ಎನಿಸಿ, ಮತ್ತೆ ‘ತೆರಿಗೆ ದರ ಇಳಿಕೆ’ ಎಂದು ಮಾಡಿದ್ದೇನೆ. ‘ವಿನಾಯಿತಿ’ಯಾಗಲಿ ‘ರಿಯಾಯಿತಿ’ಯಾಗಲಿ ಇಲ್ಲಿ ಹೊಂದುವುದಿಲ್ಲ.

‘ಡಿರೆಗ್ಯುಲೇಷನ್’ ಇದಕ್ಕಿಂತ ತೊಡಕಿನದು. ‘ಅನಿಯಂತ್ರಣ’ ಎಂದರೆ ಕಿವಿಗೆ ಬೀಳುವುದು ಹತೋಟಿ ತಪ್ಪಿದ ಸ್ಥಿತಿ. ಇದ್ದ ನಿಯಮವನ್ನು ತಿಳಿದೂ ತಿಳಿದೂ ತೆಗೆದುಹಾಕುವ ಕ್ರಿಯೆ ಅದರಲ್ಲಿ ಇಲ್ಲ. ‘ಉದಾರೀಕರಣ’ವು 1991ರ ಭಾರತದ ಆರ್ಥಿಕ ಸುಧಾರಣೆಗಳ ಜೊತೆ ಎಷ್ಟು ಬೆಸೆದುಕೊಂಡಿದೆ ಎಂದರೆ, ಅದನ್ನು ಬಳಸಿದ ಕೂಡಲೇ ಲೈಸೆನ್ಸ್ ರದ್ದತಿ, ಆಮದು ಸುಂಕ, ವಿದೇಶಿ ಬಂಡವಾಳ ಎಲ್ಲವೂ ವಾಕ್ಯದೊಳಗೆ ನುಗ್ಗುತ್ತವೆ. ಇನ್ನು ಅಮೆರಿಕದ ನಿದರ್ಶನಗಳನ್ನು ನೋಡಿದರೆ ಆ ಒಂದು ಇಂಗ್ಲಿಷ್ ಪದದ ಅಡಿಯಲ್ಲಿ ಬೇರೆಬೇರೆ ಕೆಲಸಗಳು ಅಡಗಿವೆ. ಠೇವಣಿ ಪಡೆಯುವ ಬ್ಯಾಂಕೂ ಷೇರು-ಬಾಂಡುಗಳ ವ್ಯವಹಾರದ ಸಂಸ್ಥೆಯೂ ಒಂದೇ ಗುಂಪಿಗೆ ಸೇರಬಾರದೆಂಬ 1933ರ ಗ್ಲಾಸ್-ಸ್ಟೀಗಲ್ ಕಾಯ್ದೆಯ ನಿರ್ಬಂಧವನ್ನು 1999ರ ಗ್ರಾಮ್-ಲೀಚ್-ಬ್ಲೈಲಿ ಕಾಯ್ದೆ ತೆಗೆದುಹಾಕಿತು, ಇದು ‘ತೆರವು’. ಆದರೆ 2000ದ ಕಾಯ್ದೆಯೊಂದು ಬ್ಯಾಂಕುಗಳು ತಮ್ಮತಮ್ಮಲ್ಲೇ ಮಾಡಿಕೊಳ್ಳುವ ಡಿರೈವೇಟಿವ್ ಒಪ್ಪಂದಗಳಲ್ಲಿ (ಬೇರೊಂದು ಆಸ್ತಿಯ ಬೆಲೆಯನ್ನು ಆಧರಿಸಿದ ಒಪ್ಪಂದಗಳು) ಹೆಚ್ಚಿನವನ್ನು ನಿಯಂತ್ರಕರ ಕೈಗೆ ಸಿಗದಂತೆ ಹೊರಗೇ ಇಟ್ಟಿತು. ಕಟ್ಟಿರದ ಹಗ್ಗವನ್ನು ಸಡಿಲಿಸುವುದು ಹೇಗೆ? ಎರಡಕ್ಕೂ ಒಂದೇ ಪದ ಬೇಕೆಂದು ಹಟ ಹಿಡಿಯದೆ, ಸಾಮಾನ್ಯ ಹೇಳಿಕೆಗೆ ‘ನಿಯಂತ್ರಣ ಸಡಿಲಿಕೆ’ ಎಂದಿಟ್ಟು, ಆಯಾ ಕಾಯ್ದೆಯ ಮಾತು ಬಂದಾಗ ‘ತೆರವು’, ‘ನಿಯಂತ್ರಣದಿಂದ ಹೊರಗಿಡುವುದು’ ಎಂದು ಬಿಡಿಸಿ ಬರೆಯುತ್ತಿದ್ದೇನೆ.

‘ರಿಸೆಷನ್’ಗೆ ‘ಹಿಂಜರಿತ’ ನೆಲೆಯೂರಿದೆ, ಅದನ್ನು ಕದಲಿಸುವ ಉದ್ದೇಶ ನನಗಿಲ್ಲ. ಬೆಳವಣಿಗೆಯ ವೇಗ ತಗ್ಗಿದರೆ ‘ಮಂದಗತಿ’, 1929ರ ನಂತರದ ದುರವಸ್ಥೆಗೆ ‘ಮಹಾ ಕುಸಿತ’, ನಡುವಿನದಕ್ಕೆ ‘ಹಿಂಜರಿತ’ ಎಂಬ ಮೆಟ್ಟಿಲುಗಳು ಸಾಕು. ಪೀಣ್ಯದಲ್ಲಿ ಲೇತ್ ಯಂತ್ರಗಳನ್ನಿಟ್ಟುಕೊಂಡಿರುವ ಪರಿಚಿತರೊಬ್ಬರನ್ನು ಈ ಬಗ್ಗೆ ಕೇಳಿದಾಗ, ‘ಹಿಂಜರಿತವೋ ಮುಂಜರಿತವೋ, ಮೂರು ಶಿಫ್ಟ್ ಓಡುತ್ತಿದ್ದ ಮಷೀನು ಒಂದು ಶಿಫ್ಟಿಗೆ ಬಂದರೆ ನಮ್ಮ ಕಡೆ ಡಲ್ಲು ಅಂತೀವಿ’ ಎಂದರು. ಲೇಖನದಲ್ಲಿ ‘ಡಲ್ಲು’ ಬರೆಯಲಾರೆ, ಆದರೆ ಪದ ಚೆನ್ನಾಗಿದೆ.

ನಿಜವಾದ ಪ್ರಶ್ನೆ ಕ್ರಿಯಾಪದದ್ದು. ‘ಕಾರಣವಾಗುತ್ತದೆ’ ಎಂದು ಬರೆದರೆ ಅದು ತೀರ್ಪು. ಆ ಭಾರವನ್ನು ಇಳಿಸಲೆಂದು ನಮ್ಮ ಭೂತಕೃದಂತವನ್ನು (‘ಬಂದು’, ‘ಇಳಿಸಿ’ ಎಂಬಂಥ ರೂಪ) ಬಳಸಿ ‘ತೆರಿಗೆ ಇಳಿಸಿ ಹಿಂಜರಿತ ಬಂತು’ ಎಂಬ ಧಾಟಿಯಲ್ಲಿ ಬರೆದು ನೋಡಿದೆ. ಅದು ಇನ್ನೂ ಅಪಾಯಕಾರಿ. ‘ಮಳೆ ಬಂದು ನಿಂತಿತು’ ಎಂಬಲ್ಲಿ ಬರೀ ಒಂದಾದ ಮೇಲೊಂದು. ‘ಮಳೆ ಬಂದು ರಾಗಿ ಹಾಳಾಯಿತು’ ಎಂಬಲ್ಲಿ ಕಾರಣವೂ ಸೇರಿಕೊಂಡಿದೆ. ರೂಪ ಒಂದೇ ಆದ್ದರಿಂದ ಓದುಗರು ಕಾರಣವನ್ನು ತಾವೇ ತುಂಬಿಕೊಳ್ಳುತ್ತಾರೆ. ನಮ್ಮ ದೇಶದಲ್ಲೇ 2019ರ ಸೆಪ್ಟೆಂಬರಿನಲ್ಲಿ, ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ ಮೂಲ ತೆರಿಗೆ ದರವನ್ನು ಶೇ 22ಕ್ಕೆ ಇಳಿಸಲಾಯಿತು. 2020–21ರ ಮೊದಲೆರಡು ತ್ರೈಮಾಸಿಕಗಳಲ್ಲಿ ಜಿಡಿಪಿ ಕುಗ್ಗಿತು. ‘ತೆರಿಗೆ ಇಳಿಸಿ ಜಿಡಿಪಿ ಕುಗ್ಗಿತು’ ಎಂದರೆ ಕಾಲಾನುಕ್ರಮ ಸರಿ, ಆದರೆ ನಡುವೆ ಬಂದ ಲಾಕ್‌ಡೌನನ್ನು ಆ ‘ಇಳಿಸಿ’ ನುಂಗಿಬಿಡುತ್ತದೆ.

ಕೆಲವೆಡೆ ಅನುಕ್ರಮವೂ ಸರಿಯಿಲ್ಲ. ಅಮೆರಿಕದ ಅಧ್ಯಕ್ಷ ರೇಗನ್ ತೆರಿಗೆ ಇಳಿಕೆಯ ಕಾಯ್ದೆಗೆ ಸಹಿ ಹಾಕಿದ್ದು 1981ರ ಆಗಸ್ಟಿನಲ್ಲಿ. ಹಿಂಜರಿತಗಳ ಆದಿ-ಅಂತ್ಯವನ್ನು ಗುರುತಿಸುವ ಅಲ್ಲಿನ ಸಂಸ್ಥೆಯ ಲೆಕ್ಕದಲ್ಲಿ ಹಿಂಜರಿತ ಜುಲೈನಲ್ಲೇ ಆರಂಭವಾಗಿತ್ತು, ಹಣದುಬ್ಬರ ತಗ್ಗಿಸಲೆಂದು ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬಡ್ಡಿದರವನ್ನು ಶೇ 19ರ ಆಸುಪಾಸಿಗೆ ಏರಿಸಿತ್ತು. 2001ರಲ್ಲೂ ಹಿಂಜರಿತ ಮಾರ್ಚಿನದು, ತೆರಿಗೆ ಇಳಿಕೆಗೆ ಅಧ್ಯಕ್ಷ ಬುಷ್ ಸಹಿ ಜೂನಿನದು. ಇಲ್ಲಿ ‘ಇಳಿಸಿ ಬಂತು’ ಅಲ್ಲ, ‘ಬಂದ ಮೇಲೆ ಇಳಿಸಿದರು’. 1964ರಲ್ಲಿ ದರ ಇಳಿಸಿದ ಮೇಲಂತೂ 1969ರ ಡಿಸೆಂಬರಿನವರೆಗೆ ಬೆಳವಣಿಗೆ ನಿಲ್ಲಲಿಲ್ಲ. ಲೇಖಕರ ಪರವಾಗಿ ನಿಲ್ಲುವ ನಿದರ್ಶನ 1920ರ ದಶಕದ್ದು: ಆದಾಯ ತೆರಿಗೆಯ ಗರಿಷ್ಠ ದರ ಶೇ 73ರಿಂದ 25ಕ್ಕೆ ಇಳಿದ ಕೆಲವೇ ವರ್ಷಗಳಲ್ಲಿ ಷೇರುಪೇಟೆ ಉರುಳಿತು. ಅಲ್ಲಿಯೂ ಸಾಲದ ಹಣದಲ್ಲಿ ನಡೆದ ಷೇರು ಖರೀದಿಯ ಪಾಲನ್ನು ಮರೆಯುವಂತಿಲ್ಲ.

ನಿಯಂತ್ರಣ ಸಡಿಲಿಕೆಯ ವಾದ ಇದಕ್ಕಿಂತ ಗಟ್ಟಿ. 2007ರ ಡಿಸೆಂಬರಿನಿಂದ 2009ರ ಜೂನ್‌ವರೆಗಿನ ಹಿಂಜರಿತದ ಹಿಂದೆ ಯಾರೂ ಸರಿಯಾಗಿ ಪರೀಕ್ಷಿಸದ ಗೃಹಸಾಲಗಳೂ ಮೇಲುಸ್ತುವಾರಿ ಇಲ್ಲದ ಡಿರೈವೇಟಿವ್‌ಗಳೂ ಇದ್ದವು. ಆದರೂ 2008ರ ಸೆಪ್ಟೆಂಬರಿನಲ್ಲಿ ಮುಳುಗಿದ ಲೇಮನ್ ಬ್ರದರ್ಸ್ ಮುಖ್ಯವಾಗಿ ಷೇರು-ಬಾಂಡುಗಳ ವ್ಯವಹಾರದ ಸಂಸ್ಥೆ, ದೊಡ್ಡ ವಾಣಿಜ್ಯ ಬ್ಯಾಂಕೊಂದರ ಜೊತೆ ಸೇರಿಕೊಂಡದ್ದಲ್ಲ. 1999ರ ತೆರವು ಆಗದೇ ಇದ್ದಿದ್ದರೂ ಅದು ಹಾಗೆಯೇ ಇರಬಹುದಿತ್ತು. ಹಾಗಾಗಿ ನಿಯಂತ್ರಣದ ಭಾಗಕ್ಕೆ ‘ಎಡೆಮಾಡಿಕೊಡು’ ನನಗೆ ಒಪ್ಪಿಗೆ: ಬಾಗಿಲು ತೆರೆದದ್ದನ್ನು ಅದು ಹೇಳುತ್ತದೆ, ಒಳಗೆ ಬಂದವರು ಯಾರೆಂದು ಹೇಳುವುದಿಲ್ಲ.

ಮೂಲದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದವಿದೆ, ನನ್ನ ಕನ್ನಡದಲ್ಲಿ ಅದು ಎರಡಾಗುತ್ತಿದೆ. ಲೇಖಕರು ಖಚಿತವಾಗಿ ಹೇಳಿದ್ದನ್ನು ನಾನು ಮೆತ್ತಗೆ ಮಾಡುವುದು ಅನುವಾದಕಿಯ ಹಕ್ಕಲ್ಲ ಎಂಬ ಅಳುಕೂ ಇದೆ. ‘ಕಾರಣವಾಗು’ವಿನಷ್ಟು ಬಿಗಿಯಲ್ಲದ, ‘ಎಡೆಮಾಡು’ವಿನಷ್ಟು ಸಡಿಲವೂ ಅಲ್ಲದ, ತೆರಿಗೆಗೂ ನಿಯಂತ್ರಣಕ್ಕೂ ಒಟ್ಟಿಗೆ ಹೊಂದುವ ಕ್ರಿಯಾಪದ ನಿಮ್ಮ ಕಡೆಯ ಬಳಕೆಯಲ್ಲಿದ್ದರೆ ದಯವಿಟ್ಟು ವಾಕ್ಯದಲ್ಲಿಟ್ಟು ತಿಳಿಸಿ. ‘ತಂದೊಡ್ಡು’ವನ್ನು ಈಗಾಗಲೇ ಪ್ರಯತ್ನಿಸಿ ಬಿಟ್ಟಿದ್ದೇನೆ.