ಚೀಲ ಕುಲುಕಿ ಕುಲುಕಿ ಕೈ ಸೋತರೂ ಐಸ್ ಕ್ರೀಂ ಗಟ್ಟಿಯಾಗುತ್ತಿಲ್ಲ

ಪುಟಾಣಿಗಳಮ್ಮ:
ರಜೆ ಶುರುವಾದಾಗಿನಿಂದ ಇಬ್ಬರು ಮಕ್ಕಳೂ (6 ಮತ್ತು 9 ವರ್ಷ) ಮನೆಯಲ್ಲೇ ಐಸ್ ಕ್ರೀಂ ಮಾಡೋಣ ಅಂತ ಬೆನ್ನು ಬಿದ್ದಿದ್ದರು. ಮಷೀನ್ ಇಲ್ಲ, ಹಾಗಾಗಿ ಚೀಲದ ವಿಧಾನ ಹಿಡಿದೆವು. ಸಣ್ಣ ಜಿಪ್ ಚೀಲಕ್ಕೆ 250 ಎಂ.ಎಲ್. ಹಾಲು, 1 ಚಮಚ ಸಕ್ಕರೆ, ವೆನಿಲ್ಲಾ. ದೊಡ್ಡ ಚೀಲಕ್ಕೆ ಒಂದು ಟ್ರೇ ಐಸ್, ಅದರ ಮೇಲೆ 2 ಚಮಚ ಪುಡಿ ಉಪ್ಪು. ಇಪ್ಪತ್ತು ನಿಮಿಷ ಸರದಿ ಮೇಲೆ ಕುಲುಕಿದರೂ ಹಾಲು ತಣ್ಣಗಾಯಿತೇ ಹೊರತು ಗಟ್ಟಿಯಾಗಲಿಲ್ಲ. ಅಂಚಿನಲ್ಲಿ ಒಂದಿಷ್ಟು ಹರಳು, ಅಷ್ಟೇ. ಚಿಕ್ಕವಳು ಅತ್ತುಬಿಟ್ಟಳು. ನಾಳೆ ಮತ್ತೆ ಮಾಡೋಣ ಅಂತ ಮಾತು ಕೊಟ್ಟಿದ್ದೇನೆ. ಎಲ್ಲಿ ತಪ್ಪಾಗಿದೆ, ದಯವಿಟ್ಟು ಹೇಳಿ.

ಕೆನೆಪದರ:
ಮಾತು ಉಳಿಸಿಕೊಳ್ಳಬಹುದು ಮೇಡಂ. ಮುಖ್ಯವಾಗಿ ಉಪ್ಪು ಸಾಲದು. ಸಕ್ಕರೆ ಬೆರೆತ ಹಾಲು 0 ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಅದಕ್ಕಿಂತ ಕೆಳಗೆ ಇಳಿಯಬೇಕು. ಬರೀ ಐಸ್ ಕರಗುವುದೇ 0 ಡಿಗ್ರಿಯಲ್ಲಿ, ಹಾಗಾಗಿ ಅದರಿಂದ ಈ ಕೆಲಸ ಆಗುವುದಿಲ್ಲ. ಉಪ್ಪು ಬಿದ್ದಾಗ ಐಸ್ ಇನ್ನೂ ಕಡಿಮೆ ತಾಪಮಾನದಲ್ಲಿ ಕರಗುತ್ತದೆ, ಕರಗಲು ಬೇಕಾದ ಶಾಖವನ್ನು ಹಾಲಿನಿಂದ ಎಳೆದುಕೊಳ್ಳುತ್ತದೆ. ಉಪ್ಪು ಸಾಕಷ್ಟಿದ್ದರೆ ಮೈನಸ್ 15ರ ಆಸುಪಾಸಿಗೆ ಇಳಿಸಬಹುದು, ಮೈನಸ್ 21 ಅದರ ಮಿತಿ. ನಿಮ್ಮ 2 ಚಮಚ ಉಪ್ಪು ಐಸ್ ಕರಗುತ್ತಾ ಹೋದ ಹಾಗೆ ತೆಳುವಾಗಿಬಿಟ್ಟಿರುತ್ತದೆ.

ತೂಕದಲ್ಲಿ 4 ಪಾಲು ಐಸ್‌ಗೆ 1 ಪಾಲು ಉಪ್ಪು ಹಾಕಿ. 1 ಕಿಲೋ ಐಸ್ ತೆಗೆದುಕೊಂಡರೆ ಕಾಲು ಕಿಲೋ ಉಪ್ಪು. ಕಲ್ಲುಪ್ಪು ಇದ್ದರೆ ಒಳ್ಳೆಯದು, ಐಸ್ ನಡುವೆ ಹರಡಿಕೊಂಡು ನಿಧಾನವಾಗಿ ಕರಗುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಜಜ್ಜಿ. ಇಡೀ ಗಡ್ಡೆಗಳ ನಡುವೆ ಗಾಳಿ ಉಳಿಯುತ್ತದೆ, ಹಾಲಿನ ಚೀಲಕ್ಕೆ ತಾಗುವುದೇ ಕಡಿಮೆ.

ಇನ್ನೊಂದು, ಹಾಲು ಫ್ರಿಜ್‌ನಿಂದ ತೆಗೆದದ್ದೋ ಅಥವಾ ಕಾಯಿಸಿ ಆರಿಸಿದ್ದೋ?

ಪುಟಾಣಿಗಳಮ್ಮ:
ಕಾಯಿಸಿ ಆರಿಸಿದ್ದು, ಕೋಣೆಯ ಬಿಸಿಯಲ್ಲೇ ಇತ್ತು. ಕೆನೆ ತೆಗೆದ ಹಾಲು. ಸಕ್ಕರೆಯನ್ನೂ ಮಕ್ಕಳಿಗೆ ಒಳ್ಳೆಯದಲ್ಲ ಅಂತ ಬೇಕೆಂದೇ ಕಡಿಮೆ ಹಾಕಿದ್ದೆ.

ಕೆನೆಪದರ:
ಹಾಗಾದರೆ ಪೂರ್ತಿ ಲೆಕ್ಕ ಸಿಕ್ಕಿತು. 250 ಎಂ.ಎಲ್. ಹಾಲನ್ನು 30 ಡಿಗ್ರಿಯಿಂದ 0ಗೆ ಇಳಿಸುವುದಕ್ಕೇ 85–90 ಗ್ರಾಂ ಐಸ್ ಕರಗಿಹೋಗುತ್ತದೆ. ಫ್ರಿಜ್‌ನಲ್ಲಿ 4 ಡಿಗ್ರಿಗೆ ಬಂದ ಹಾಲಾದರೆ 12 ಗ್ರಾಂ ಸಾಕು. ಅಂದರೆ ಮಕ್ಕಳ ಶ್ರಮದಲ್ಲಿ ಬಹುಪಾಲು ಹಾಲು ತಣ್ಣಗಾಗಿಸುವುದಕ್ಕೇ ಹೋಗಿದೆ. ಮಿಶ್ರಣವನ್ನು ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಡಿ.

ಕೆನೆ ತೆಗೆದ ಹಾಲು ಗಟ್ಟಿಯಾಗುತ್ತದೆ, ಆದರೆ ಬಾಯಲ್ಲಿ ಐಸ್ ಚೂರುಗಳಂತೆ ಕರಕರ ಅನ್ನುತ್ತದೆ. ಅರ್ಧ ಕೆನೆಭರಿತ ಹಾಲು, ಅರ್ಧ ಕ್ರೀಂ ಸೇರಿಸಿ (ಪ್ಯಾಕೆಟ್ ಮೇಲೆ ಕೊಬ್ಬು ಶೇ. 25 ಎಂದಿದ್ದರೆ ಸಾಕು). ಒಟ್ಟು ಮಿಶ್ರಣದಲ್ಲಿ ಕೊಬ್ಬು ಶೇ. 14ರ ಹತ್ತಿರ ಬರುತ್ತದೆ.

ಸಕ್ಕರೆಯ ವಿಷಯದಲ್ಲಿ ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಇಲ್ಲಿ ಅದು ಸಿಹಿಗೆ ಮಾತ್ರ ಇರುವುದಲ್ಲ. ಒಂದಿಷ್ಟು ನೀರು ಹೆಪ್ಪುಗಟ್ಟದಂತೆ ಹಿಡಿದಿಟ್ಟು ಮೆತ್ತಗೆ ಇಡುವುದೇ ಸಕ್ಕರೆ. 250 ಎಂ.ಎಲ್.ಗೆ 3 ದೊಡ್ಡ ಚಮಚ ಹಾಕಿ, ಬೇಕಿದ್ದರೆ ಚಿಕ್ಕ ಬಟ್ಟಲಲ್ಲಿ ಕೊಡಿ. ಸಕ್ಕರೆ ಕಡಿಮೆ ಮಾಡುವುದಕ್ಕಿಂತ ಬಟ್ಟಲು ಚಿಕ್ಕದು ಮಾಡುವುದೇ ಸರಿ ಅಂತ ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ. ಈ ಬಾರಿ ಹೊರಚೀಲ ನಿಜವಾಗಿಯೂ ಮೈನಸ್‌ಗೆ ಇಳಿಯುತ್ತದೆ. ಬರಿಗೈಯಲ್ಲಿ ಹಿಡಿದರೆ ಚರ್ಮಕ್ಕೆ ಸುಟ್ಟಂಥ ಗಾಯ ಆಗಬಹುದು. ದಪ್ಪ ಟವೆಲ್‌ನಲ್ಲಿ ಸುತ್ತಿಯೇ ಮಕ್ಕಳ ಕೈಗೆ ಕೊಡಿ. ಕೈ ಜುಮ್ಮೆಂದರೆ ತಕ್ಷಣ ಕೆಳಗಿಡಲು ಮೊದಲೇ ಹೇಳಿಕೊಡಿ.

ಹಿಮಬಿಂದು:
ಇಷ್ಟೆಲ್ಲ ಯಾಕೆ? ಕಂಡೆನ್ಸ್ಡ್ ಮಿಲ್ಕ್‌ಗೆ ನೊರೆ ಬರುವಂತೆ ಕಡೆದ ಕ್ರೀಂ ಬೆರೆಸಿ ಫ್ರೀಜರ್‌ನಲ್ಲಿಟ್ಟರೆ ಆಯಿತಲ್ಲ.

ಕೆನೆಪದರ:
ರುಚಿಗೆ ಅದೂ ಚೆನ್ನಾಗಿಯೇ ಇರುತ್ತದೆ. ಕ್ರೀಂನಲ್ಲಿ ಕೊಬ್ಬು ಶೇ. 30 ದಾಟಿರಬೇಕು, ಇಲ್ಲದಿದ್ದರೆ ನೊರೆ ನಿಲ್ಲುವುದಿಲ್ಲ. ಆದರೆ ಡಬ್ಬಿ ಫ್ರೀಜರ್ ಸೇರಿದ ಮೇಲೆ ಮಕ್ಕಳಿಗೆ ಗಂಟೆಗಟ್ಟಲೆ ಕಾಯುವ ಕೆಲಸ ಮಾತ್ರ. ಚೀಲದಲ್ಲಾದರೆ ತಮ್ಮ ಕೈಯಲ್ಲೇ ಹಾಲು ಗಟ್ಟಿಯಾಗುವುದು ಅವರಿಗೆ ಗೊತ್ತಾಗುತ್ತದೆ. ಆ ಹತ್ತು ನಿಮಿಷ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಪುಟಾಣಿಗಳಮ್ಮ:
ಇವತ್ತು ಆಯಿತು! 11 ನಿಮಿಷಕ್ಕೆ ಚಮಚ ನಿಲ್ಲುವಷ್ಟು ಗಟ್ಟಿ. ದೊಡ್ಡವನು ಗಡಿಯಾರ ಹಿಡಿದು ಬರೆದುಕೊಂಡ, ಚಿಕ್ಕವಳು ಪ್ರತಿ ನಿಮಿಷಕ್ಕೂ ಚೀಲ ಒತ್ತಿ ನೋಡಿದಳು. ಇನ್ನು ಎರಡೇ ತೊಂದರೆ. ಮೊದಲ ತುತ್ತು ಸ್ವಲ್ಪ ಉಪ್ಪುಪ್ಪಾಗಿತ್ತು. ಉಳಿದದ್ದನ್ನು ಫ್ರೀಜರ್‌ನಲ್ಲಿಟ್ಟರೆ ಸಂಜೆಗೆ ಕಲ್ಲಾಗಿದೆ.

ಕೆನೆಪದರ:
ಓದಿ ತುಂಬ ಖುಷಿಯಾಯಿತು. ಉಪ್ಪು ಬಂದದ್ದು ಚೀಲದ ಬಾಯಿಂದ. ತೆರೆಯುವ ಮೊದಲು ಒಳಚೀಲವನ್ನು ತಣ್ಣೀರಲ್ಲಿ ಬೇಗನೆ ತೊಳೆದು ಜಿಪ್ ಒರೆಸಿ. ಮುಂದಿನ ಸಲ ಗಾಳಿ ತೆಗೆದು ಎರಡು ಚೀಲ ಒಂದರೊಳಗೊಂದು ಹಾಕಿ.

ಕಲ್ಲಾಗುವುದು ಸಹಜ, ಕೈಯಲ್ಲಿ ಕುಲುಕಿದ್ದರಲ್ಲಿ ಗಾಳಿ ಅಷ್ಟಾಗಿ ಸೇರಿರುವುದಿಲ್ಲ. ತಿನ್ನುವ 15–20 ನಿಮಿಷ ಮೊದಲು ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ. ಪೂರ್ತಿ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಬೇಡಿ, ಹರಳು ದೊಡ್ಡದಾಗುತ್ತದೆ. ಮಾಡಿದ ಕೂಡಲೇ ತಿಂದು ಮುಗಿಸುವಷ್ಟೇ ಮಾಡಿದರೆ ಇನ್ನೂ ಒಳ್ಳೆಯದು.

ಹಾಂ, ಉಳಿದ ಉಪ್ಪುನೀರನ್ನು ಗಿಡಗಳ ಬುಡಕ್ಕೆ ಸುರಿಯಬೇಡಿ, ಒಣಗಿಬಿಡುತ್ತವೆ.