ಸಹಾಯ ಬೇಕು: ಅವಕಾಡೊ ಕಸಿ ಮೂರನೆಯ ಸಲವೂ ಕಪ್ಪಾಯಿತು

ನಮಸ್ಕಾರ. ಬೀಜದಿಂದ ಬೆಳೆಸಿದ ಬೆಣ್ಣೆಹಣ್ಣಿನ ಸಸಿಯ ಕಾಂಡ ಪೆನ್ಸಿಲ್ ದಪ್ಪವಾಗಿದೆ. ಹಾಗೇ ಬಿಟ್ಟರೆ ಫಲಕ್ಕೆ ಹತ್ತು ವರ್ಷವೂ ಹಿಡಿದೀತು, ಹಣ್ಣು ತಾಯಿಮರದಂತೆಯೇ ಇರುತ್ತದೆಂಬ ಭರವಸೆಯೂ ಇಲ್ಲ. ಅದಕ್ಕೇ ಹ್ಯಾಸ್ ಎಂಬ ಬೆಣ್ಣೆಹಣ್ಣಿನ ತಳಿಯ ಕುಡಿ ತಂದು, ಸಸಿಯ ಕಾಂಡವನ್ನು ಸೀಳಿ ಅದರೊಳಗೆ ಕೂರಿಸಿ ಪಟ್ಟಿ ಸುತ್ತಿ ಸೀಳು ಕಸಿ ಕಟ್ಟಿದೆ. ಮೂರು ಸಲವೂ ಸೋತೆ.

ಕೊನೆಯದರಲ್ಲಿ ಹನ್ನೆರಡು ದಿನ ಮೊಗ್ಗು ಹಸಿರಾಗಿಯೇ ಇತ್ತು, ಆಮೇಲೆ ಬುಡದಿಂದ ಕಪ್ಪೇರಿತು. ಬಿಚ್ಚಿ ನೋಡಿದರೆ ಪಟ್ಟಿಯೊಳಗೆ ನೀರಹನಿ, ಸೀಳಿನುದ್ದಕ್ಕೂ ಕಂದು ಗೆರೆ. ಕುಡಿ ಕಾಂಡಕ್ಕಿಂತ ಸಣ್ಣದಿತ್ತು, ಆದರೂ ಒಂದು ಬದಿಯ ತೊಗಟೆಯನ್ನು ಸರಿಯಾಗಿ ಕೂಡಿಸಿದ್ದೆ. ಮೇಲೆ ಹೊದಿಸಿದ ಪ್ಲಾಸ್ಟಿಕ್ ಚೀಲವೇ ಮುಳುವಾಯಿತೇ? ಕುಡಿಯನ್ನು ಮೊಗ್ಗು ಉಬ್ಬಿದ ಮೇಲೆ ಕತ್ತರಿಸಬೇಕೋ, ಅದಕ್ಕೂ ಮೊದಲೋ? ಸಸಿಯ ಕೆಳಗಿನ ಎಲೆಗಳನ್ನು ಉಳಿಸಿಕೊಳ್ಳಬೇಕೇ?

ಚೂರಿ ಹರಿತವಿರಲಿ ಎಂಬ ಸಲಹೆ ಮಾತ್ರ ಬೇಡ, ನನ್ನ ಹೆಬ್ಬೆರಳೇ ಅದಕ್ಕೆ ಸಾಕ್ಷಿ. ಇನ್ನೊಂದೇ ಕಸಿಗೆ ಆಗುವಷ್ಟು ಕಾಂಡ ಉಳಿದಿದೆ.