ರಬ್ಬರ್ ತೋಟ ಮತ್ತು ನಂಬಲಾಗದ ಮಳೆ: ಬೆಳೆಗಾರರ ಬಳಗದ ಏಪ್ರಿಲ್ ಪ್ರಶ್ನೋತ್ತರ

ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ರಬ್ಬರ್ ರೋಗಗಳ ಬಗ್ಗೆ ಬಹುಕಾಲ ಕೆಲಸ ಮಾಡಿ ನಿವೃತ್ತರಾದ ಸಸ್ಯರೋಗ ತಜ್ಞೆಯೊಬ್ಬರು ಇಂದು ನಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಊರು, ತಳಿ ಮತ್ತು ಮರದ ವಯಸ್ಸನ್ನು ತಪ್ಪದೆ ಬರೆಯಿರಿ. ಬೇರೆ ಗುಂಪುಗಳಿಂದ ಬಂದ ಸಂದೇಶಗಳನ್ನು ಇಲ್ಲಿ ಹಾಕಬೇಡಿ.

ಬೆಳ್ತಂಗಡಿಯ ಸದಸ್ಯರು: ಮೇಡಂ, ರಬ್ಬರಿನ 105 ತಳಿ (RRII 105), ಹದಿನೈದು ವರ್ಷದ ಮರಗಳು. ಮೊದಲೆಲ್ಲ ಮೇ ಕೊನೆಯ ವಾರದಲ್ಲಿ ಎಣ್ಣೆಯಲ್ಲಿ ಕಲಸಿದ ತಾಮ್ರದ ಮದ್ದು ಹೊಡೆಸಿದರೆ ಸಾಕಿತ್ತು. ಈಗ ಮಳೆ ಯಾವಾಗ ಬರುತ್ತದೆ ಎಂದೇ ತಿಳಿಯುವುದಿಲ್ಲ. ಯಾವ ವಾರದಲ್ಲಿ ಹೊಡೆಸಬೇಕು?

ತಜ್ಞೆ: ತಾರೀಖನ್ನು ನೋಡಿ ಹೊಡೆಸುವ ಕಾಲ ಮುಗಿಯಿತು. 2023ರಲ್ಲಿ ಮುಂಗಾರು ಕೇರಳವನ್ನು ತಲುಪಿದ್ದು ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೆ. ಹದಿನೈದು ದಿನಗಳ ಈ ವ್ಯತ್ಯಾಸದಲ್ಲಿ ಮೇ ಕೊನೆಯ ವಾರವನ್ನು ನೆಚ್ಚಿಕೊಂಡವರ ತೋಟಕ್ಕೆ ಮದ್ದೇ ಬೀಳದೆ ಹೋಗಬಹುದು. ಚಿಗುರಿದ ಎಲೆ ಬಲಿತು ಗಾಢ ಹಸಿರಾದ ಮೇಲೆ, ಎಲೆ ಒಣಗಿರುವ ದಿನಗಳನ್ನು ನೋಡಿ, ಮೇ ಮಧ್ಯಕ್ಕೆ ಮುಗಿಸಿಬಿಡಿ. ಯಂತ್ರದವರಿಗೆ ಈಗಲೇ ಹೇಳಿಡಿ. ಈ ಮದ್ದು ಎಲೆಯನ್ನು ಕಾಯುತ್ತದೆಯೇ ಹೊರತು ರೋಗ ಹತ್ತಿದ ಎಲೆಯನ್ನು ಗುಣಪಡಿಸುವುದಿಲ್ಲ. ಒಂದು ವಾರ ಬಿಡದೆ ಮಳೆ ಸುರಿದು ಬಿಸಿಲೇ ಕಾಣದಿದ್ದಾಗ ಎಲೆ ಉದುರಿಸುವ ಫೈಟೋಫ್ತೊರಾ ರೋಗ ಹಬ್ಬುತ್ತದೆ. ಹಸಿರಾಗಿಯೇ ಉದುರಿದ ಎಲೆಯನ್ನು ಎತ್ತಿ ತೊಟ್ಟನ್ನು ನೋಡಿರಿ: ಕಪ್ಪು ಕಲೆಯ ನಡುವೆ ಹೆಪ್ಪುಗಟ್ಟಿದ ರಬ್ಬರ್ ಹಾಲಿನ ಬಿಳಿ ಚುಕ್ಕೆ ಇದ್ದರೆ ಅದು ಇದೇ ರೋಗ, ಅಷ್ಟು ಹೊತ್ತಿಗೆ ನೀವು ತಡಮಾಡಿದ್ದೀರಿ.

ಪುತ್ತೂರಿನ ಸದಸ್ಯರು: ಮೇಡಂ, ಮಳೆಯಿಂದ ತಪ್ಪಿದ ಟ್ಯಾಪಿಂಗ್ (ತೊಗಟೆ ಕೊಯ್ದು ಹಾಲು ತೆಗೆಯುವ) ದಿನಗಳನ್ನು ತುಂಬಿಕೊಳ್ಳಲು ಏಪ್ರಿಲ್‌ನಲ್ಲಿ ಹಾಲಿನ ಹರಿವು ಹೆಚ್ಚಿಸುವ ಎಥಿಫಾನ್ ಅನ್ನು ಎರಡು ಪಟ್ಟು ಹಚ್ಚಬೇಕೆಂದು ಒಂದು ಸಂದೇಶ ಬಂದಿದೆ. ಮಾಡಬಹುದೇ?

ತಜ್ಞೆ: ಮಾಡಬಾರದು. ಎಥಿಫಾನ್ ಹಾಲನ್ನು ಸೃಷ್ಟಿಸುವುದಿಲ್ಲ. ಹಾಲಿನ ನಾಳಗಳು ಮುಚ್ಚಿಕೊಳ್ಳುವುದನ್ನು ತಡಮಾಡಿ, ಹರಿವನ್ನು ಹೆಚ್ಚು ಹೊತ್ತು ಎಳೆಯುತ್ತದೆ. ಎಲೆ ಉದುರಿಸಿ ಆಗತಾನೇ ಚಿಗುರಿದ ಮರದಿಂದ, ಮಣ್ಣಿನಲ್ಲಿ ತೇವವಿಲ್ಲದ ತಿಂಗಳಲ್ಲಿ ಹೀಗೆ ಎಳೆದರೆ ಟ್ಯಾಪಿಂಗ್ ಪಟ್ಟೆ (ಹಾಲಿಗಾಗಿ ಕೊಯ್ಯುವ ತೊಗಟೆ) ಒಣಗುತ್ತದೆ. ಒಮ್ಮೆ ಒಣಗಿದ ಪಟ್ಟೆಗೆ ಮದ್ದಿಲ್ಲ. ತಪ್ಪಿದ ದಿನಗಳನ್ನು ಉಳಿಸಿಕೊಳ್ಳಬೇಕಾದರೆ ಮಳೆಗೆ ಮುಂಚೆ, ಕೊಯ್ದ ಜಾಗಕ್ಕೆ ನೀರು ಇಳಿಯದಂತೆ ರೈನ್‌ಗಾರ್ಡ್ ಕಟ್ಟಿಸಿ, ಬೇಸಿಗೆಯಲ್ಲಿ ಬೆಳಕು ಹರಿಯುವ ಮುನ್ನವೇ ಟ್ಯಾಪಿಂಗ್ ಮುಗಿಸಿ. ಬಿಸಿಲೇರಿದಂತೆ ಮರದೊಳಗಿನ ಒತ್ತಡ ಇಳಿದು ಹಾಲು ಬೇಗ ನಿಲ್ಲುತ್ತದೆ. ಇಂಥ ಸಂದೇಶ ಕಳಿಸಿದವರಾರೂ ನಿಮ್ಮ ಮರ ಒಣಗಿದಾಗ ಬಂದು ನೋಡುವುದಿಲ್ಲ.

ಕಡಬದ ಸದಸ್ಯರು: ಮದ್ದು ಯಾವಾಗ ಹೊಡೆಯಬೇಕು ಮೇಡಂ? ನಮ್ಮದೂ 105.

ತಜ್ಞೆ: ಬೆಳ್ತಂಗಡಿಯವರಿಗೆ ಬರೆದಿದ್ದೇನೆ, ಓದಿ.

ಸಂಪಾಜೆಯ ಸದಸ್ಯರು: ಮೇಡಂ, ಮೂರೂವರೆ ಎಕರೆ ಹಳೆಯ ರಬ್ಬರನ್ನು ಎರಡು ವರ್ಷದ ಹಿಂದೆ ಕಡಿಸಿ, ಹಿಟಾಚಿ ತಂದು ಮೆಟ್ಟಿಲಿನಂತೆ ತಟ್ಟು ಮಾಡಿಸಿ ಹೊಸ ಗಿಡ ನೆಟ್ಟಿದ್ದೇವೆ. ಇಳಿಜಾರು ಬಹಳ ಕಡಿದು. ಮಳೆಗಾಲದಲ್ಲಿ ಮಾತ್ರ ಹರಿಯುವ ಒಂದು ಸಣ್ಣ ತೋಡಿತ್ತು, ಅದಕ್ಕೆ ಮಣ್ಣು ತುಂಬಿ ಮೇಲೆ ತಟ್ಟು ಎಳೆದಿದ್ದಾರೆ. ಬರ ತಡೆಯಲೆಂದು ಸಾಲಿಗೊಂದರಂತೆ ಇಂಗು ಗುಂಡಿಗಳನ್ನೂ ತೆಗೆಸಿದ್ದೇವೆ. ಕಳೆದ ಮಳೆಗಾಲದ ಕೊನೆಯಲ್ಲಿ ಎಲ್ಲಕ್ಕಿಂತ ಮೇಲಿನ ತಟ್ಟಿನಲ್ಲಿ ಬೆರಳು ಹೋಗುವಷ್ಟು ಬಿರುಕು ಕಾಣಿಸಿತು, ಬಿಲ್ಲಿನಂತೆ ಬಾಗಿ ಸುಮಾರು ಮೂವತ್ತು ಅಡಿ ಉದ್ದಕ್ಕೆ ಹೋಗಿದೆ. ಮಣ್ಣು ಮುಚ್ಚಿದರೆ ಸಾಕು ಎನ್ನುತ್ತಾರೆ. ನನ್ನ ಪ್ರಶ್ನೆ ಗಿಡಗಳ ಎಲೆ ಹಳದಿಯಾಗಿರುವ ಬಗ್ಗೆ, ಯಾವ ಗೊಬ್ಬರ ಹಾಕಬೇಕು?

ತಜ್ಞೆ: ಗೊಬ್ಬರದ ಮಾತು ಆಮೇಲೆ. ಮೊದಲು ಹೇಳಿ, ಆ ಇಳಿಜಾರಿನ ಕೆಳಗೆ ಯಾರಾದರೂ ವಾಸವಾಗಿದ್ದಾರೆಯೇ?

ಸಂಪಾಜೆಯ ಸದಸ್ಯರು: ನಮ್ಮ ಟ್ಯಾಪರ್ ಕುಟುಂಬದ ಮನೆಯಿದೆ. ಇಬ್ಬರು ಮಕ್ಕಳಿದ್ದಾರೆ.

ತಜ್ಞೆ: ನಾನು ಭೂವಿಜ್ಞಾನಿಯಲ್ಲ, ಆದರೂ ನೀವು ಬರೆದ ಪ್ರತಿಯೊಂದು ವಿವರವೂ ನನ್ನಲ್ಲಿ ಭಯ ಹುಟ್ಟಿಸುತ್ತಿದೆ, ಆದ್ದರಿಂದ ವಿವರವಾಗಿ ಬರೆಯುತ್ತೇನೆ. ಬಿಲ್ಲಿನಾಕಾರದ ಬಿರುಕು ಒಣಗಿ ಸೀಳಿದ ನೆಲದ ಬಿರುಕಲ್ಲ. ಇಳಿಜಾರಿನ ಒಂದು ಭಾಗ ಮೇಲಿನ ನೆಲದಿಂದ ಬೇರ್ಪಟ್ಟು ಕೆಳಗೆ ಸರಿಯತೊಡಗಿದಾಗ ಕಾಣಿಸುವ ಬಿರುಕು ಹೀಗಿರುತ್ತದೆ. ನಿಮ್ಮ ಗುಡ್ಡದಲ್ಲಿ ಮೂರು ಸಂಗತಿಗಳು ಒಟ್ಟಿಗೆ ಸೇರಿವೆ. ಹಳೆಯ ಮರಗಳ ಬೇರುಗಳು ಮಣ್ಣನ್ನು ಹಿಡಿದಿಟ್ಟಿದ್ದವು. ಕಡಿದ ಕೆಲವು ವರ್ಷಗಳಲ್ಲಿ ಅವು ಕೊಳೆಯುತ್ತವೆ, ಹೊಸ ಗಿಡದ ಬೇರು ಅಷ್ಟರೊಳಗೆ ಆಳಕ್ಕೆ ಇಳಿದಿರುವುದಿಲ್ಲ. ಹಾಗಾಗಿ ಮರುನಾಟಿಯ ಮೊದಲ ವರ್ಷಗಳೇ ಇಳಿಜಾರಿಗೆ ಅತಿ ದುರ್ಬಲ ಕಾಲ, ನೀವು ಈಗ ಅದರ ನಡುವಿನಲ್ಲಿದ್ದೀರಿ. ಎರಡನೆಯದಾಗಿ, ತೋಡು ಮುಚ್ಚಿದ್ದರಿಂದ ಮೇಲಿನಿಂದ ಬರುವ ನೀರು ದಾರಿ ಕಾಣದೆ ತುಂಬಿದ ಸಡಿಲ ಮಣ್ಣಿನೊಳಗೇ ಇಳಿಯುತ್ತದೆ. ಮೂರನೆಯದಾಗಿ, ಇಂಗು ಗುಂಡಿಗಳು ಅದೇ ಮಣ್ಣಿಗೆ ಇನ್ನಷ್ಟು ನೀರನ್ನು ಕುಡಿಸುತ್ತವೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು, ಮೊಣ್ಣಂಗೇರಿ ಕಡೆ ಗುಡ್ಡಗಳು ಜರಿದದ್ದನ್ನು ನೀವು ಸಂಪಾಜೆಯವರು ನನಗಿಂತ ಹತ್ತಿರದಿಂದ ಬಲ್ಲಿರಿ. ನಾಲ್ಕು ತಿಂಗಳಲ್ಲಿ ಹಂಚಿ ಬರಬೇಕಾದ ಮಳೆ ಕೆಲವೇ ದಿನಗಳಲ್ಲಿ ಸುರಿಯುವುದು ಈಗ ಅಪರೂಪವಲ್ಲ. ಹಿಂದಿನ ಮಳೆಯನ್ನು ತಡೆದುಕೊಂಡಿದ್ದ ಬರೆ (ಕಡಿದಾದ ಮಣ್ಣಿನ ಇಳಿಜಾರು) ಇಂಥ ಮಳೆಯನ್ನೂ ತಡೆಯುತ್ತದೆ ಎಂದು ಲೆಕ್ಕ ಹಾಕಬೇಡಿ.

ಮಾಡಬೇಕಾದದ್ದು ಇಷ್ಟು. ಆ ಕುಟುಂಬವನ್ನು ಮೇ ತಿಂಗಳು ಬರುವ ಮುನ್ನವೇ ಬೇರೆಡೆಗೆ ಕಳಿಸಿ, ಇದರಲ್ಲಿ ಚೌಕಾಸಿ ಬೇಡ. ಪಂಚಾಯತಿಗೂ ತಹಶೀಲ್ದಾರರಿಗೂ ಫೋಟೊ ಸಹಿತ ಬರೆದುಕೊಟ್ಟು, ಗಣಿ ಮತ್ತು ಭೂವಿಜ್ಞಾನ ಇಲಾಖೆಯವರು ಸ್ಥಳ ಪರಿಶೀಲಿಸಬೇಕೆಂದು ಕೇಳಿ. ಬಿರುಕಿನ ಎರಡೂ ಬದಿ ಗೂಟ ಹೊಡೆದು ನಡುವಿನ ಅಂತರವನ್ನು ವಾರಕ್ಕೊಮ್ಮೆ, ಮಳೆ ಬಂದರೆ ದಿನವೂ ಅಳೆದು ಬರೆದಿಡಿ. ಬಿರುಕಿಗೆ ಜೇಡಿ ಮಣ್ಣು ಗಟ್ಟಿಯಾಗಿ ತುಂಬುವುದು ನೀರು ಒಳಗಿಳಿಯದಿರಲೆಂದು ಮಾಡುವ ತಾತ್ಕಾಲಿಕ ಕೆಲಸ, ಅದರಿಂದ ಗುಡ್ಡ ನಿಲ್ಲುವುದಿಲ್ಲ. ಆ ಭಾಗದ ಇಂಗು ಗುಂಡಿಗಳನ್ನೆಲ್ಲ ಮುಚ್ಚಿಸಿ. ತೋಡನ್ನು ಬಿಡಿಸಿ. ಕೆಳಗಿನ ಒರತೆಯಲ್ಲಿ ಇದ್ದಕ್ಕಿದ್ದಂತೆ ಕೆಂಪು ನೀರು ಬಂದರೆ ಯಾರನ್ನೂ ಕೇಳದೆ ಅಲ್ಲಿಂದ ಹೊರಡಬೇಕು.

ಸುಳ್ಯದ ಸದಸ್ಯರು: ಮೇಡಂ, ಇಂಗು ಗುಂಡಿ ತೆಗೆಯಿರಿ ಎಂದು ವರ್ಷವಿಡೀ ನಮಗೆ ಉಪದೇಶ ಮಾಡುತ್ತಾರೆ. ಈಗ ನೀವು ಮುಚ್ಚಿ ಎನ್ನುತ್ತೀರಿ. ನಾವು ಯಾರ ಮಾತು ಕೇಳಬೇಕು?

ಅರಂತೋಡಿನ ಸದಸ್ಯರು: ಗುಂಡಿಯನ್ನು ಯಾಕೆ ದೂರುತ್ತೀರಿ? ಕಾಡು ಕಡಿದು ರಬ್ಬರ್ ಹಾಕಿದ್ದೇ ಗುಡ್ಡ ಜರಿಯಲು ಕಾರಣ. ನಮ್ಮ ಬಾವಿ ಬತ್ತಿದ್ದೂ ರಬ್ಬರಿನಿಂದಲೇ.

ಸುಳ್ಯದ ಸದಸ್ಯರು: ನಿಮ್ಮ ಬಾವಿ ಬತ್ತಿದ್ದು ಸುತ್ತಲಿನ ಅಡಿಕೆ ತೋಟಗಳ ಕೊಳವೆಬಾವಿಗಳಿಂದ. ನಾವು ರಬ್ಬರಿಗೆ ಬೇಸಿಗೆಯಲ್ಲಿ ಒಂದು ಹನಿ ನೀರನ್ನೂ ಬಿಡುವುದಿಲ್ಲ.

ಅರಂತೋಡಿನ ಸದಸ್ಯರು: ಅಡಿಕೆಗೆ ಹಳದಿ ರೋಗ ಬಂದು ತೋಟವೇ ಹೋದವರಿಗೆ ಹೀಗೆ ಹೇಳಲು ನಿಮಗೆ ಮನಸ್ಸಾದರೂ ಹೇಗೆ ಬಂತು? 2011ರಲ್ಲಿ ಕಿಲೋಗೆ 240 ರೂಪಾಯಿ ಕಂಡು ಗುಡ್ಡದ ನೆತ್ತಿಯವರೆಗೆ ರಬ್ಬರ್ ನೆಟ್ಟವರು ನೀವು.

ಸುಳ್ಯದ ಸದಸ್ಯರು: ನೆಟ್ಟಿದ್ದು ನನ್ನ ಸ್ವಂತ ಜಾಗದಲ್ಲಿ.

ನಿರ್ವಾಹಕರು: ದಯವಿಟ್ಟು ಇಬ್ಬರೂ ನಿಲ್ಲಿಸಿ.

ತಜ್ಞೆ: ಇಂಗು ಗುಂಡಿಯನ್ನು ನಾನು ವಿರೋಧಿಸಿಲ್ಲ. ಸಾಧಾರಣ ಇಳಿಜಾರಿನಲ್ಲಿ, ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಣಗುವ ನಮ್ಮ ಜಿಲ್ಲೆಯಲ್ಲಿ ಅದು ಬೇಕೇ ಬೇಕು. ಬಿರುಕು ಬಿಟ್ಟ ಕಡಿದಾದ ಬರೆಯಲ್ಲಿ ಬೇಡ. ಈ ಎರಡು ವಾಕ್ಯಗಳ ವ್ಯತ್ಯಾಸ ಅರ್ಥವಾಗಲು ಜಗಳ ಬೇಕಿರಲಿಲ್ಲ.

ಕಾರ್ಕಳದ ಸದಸ್ಯರು: ಈ ವರ್ಷ ಮರುನಾಟಿ ಮಾಡಬೇಕು. ಬರ, ಮಳೆ ಎರಡನ್ನೂ ತಡೆಯುವ ತಳಿ ಯಾವುದು?

ತಜ್ಞೆ: ಎಲ್ಲವನ್ನೂ ತಡೆಯುವ ತಳಿಯಿಲ್ಲ. ಇಡೀ ತೋಟಕ್ಕೆ ಒಂದೇ ತಳಿಯನ್ನು ಮಾತ್ರ ಹಾಕಬೇಡಿ. 1990ರ ದಶಕದಲ್ಲಿ ಕೊರಿನೆಸ್ಪೋರ ರೋಗ ಬಂದಾಗ ನಮ್ಮ ಜಿಲ್ಲೆಯ 105 ತೋಟಗಳು ಸಾಲುಸಾಲಾಗಿ ಎಲೆ ಕಳೆದುಕೊಂಡವು, ಏಕೆಂದರೆ ಪಕ್ಕದ ತೋಟವೂ, ಅದರ ಪಕ್ಕದ್ದೂ 105 ಆಗಿತ್ತು. 430 ತಳಿ ಬರವನ್ನೂ ಮಳೆಗಾಲದ ಎಲೆ ಉದುರುವಿಕೆಯನ್ನೂ 105ಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಅದರೊಡನೆ ಇನ್ನೊಂದೆರಡು ತಳಿಗಳನ್ನು ಬೇರೆ ಬೇರೆ ತುಂಡು ಜಾಗಗಳಲ್ಲಿ ಹಾಕಿ.

ಪೆರಾಜೆಯ ಸದಸ್ಯರು: ಎರಡು ವರ್ಷದ ಗಿಡಗಳ ಕಾಂಡ ನೈಋತ್ಯ ಬದಿಯಲ್ಲಿ ಸುಟ್ಟು ಬಿರಿದಿದೆ. ಹಳೆಯ ಇಂಜಿನ್ ಆಯಿಲ್ ಹಚ್ಚಿದರೆ ಬಿಸಿಲು ತಾಗುವುದಿಲ್ಲವೆಂಬ ವಿಡಿಯೊ ನೋಡಿದೆ.

ತಜ್ಞೆ: ಎಳೆಯ ತೊಗಟೆಗೆ ಆಯಿಲ್ ಹಚ್ಚಿದರೆ ತೊಗಟೆ ಸಾಯುತ್ತದೆ, ಅದರ ಕಪ್ಪು ಬಣ್ಣ ಬಿಸಿಲನ್ನು ಇನ್ನಷ್ಟು ಹೀರುತ್ತದೆ. ಸುಣ್ಣ ಬಳಿಯಿರಿ, ಬುಡಕ್ಕೆ ತರಗೆಲೆ ಮುಚ್ಚಿ. ಕೊಂಬೆಗಳು ಕೂಡಿ ನೆರಳಾಗುವವರೆಗೆ ಪ್ರತಿ ವರ್ಷ ಬೇಸಿಗೆಗೆ ಮುಂಚೆಯೇ ಬಳಿಯಬೇಕು.

ಉಪ್ಪಿನಂಗಡಿಯ ಸದಸ್ಯರು: ಕಳೆದ ಸೆಪ್ಟೆಂಬರಿನಲ್ಲಿ ಬಲಿತ ಎಲೆಗಳ ಮೇಲೆ ದುಂಡಗಿನ ಕಂದು ಕಲೆಗಳಾಗಿ, ಎಲೆ ಹಳದಿಯಾಗಿ ಉದುರಿತು. ತೊಟ್ಟಿನಲ್ಲಿ ಏನೂ ಇರಲಿಲ್ಲ.

ತಜ್ಞೆ: ಇದು ಗಮನಿಸಲೇಬೇಕಾದ ಸಂಗತಿ. ಮೀನಿನ ಮೂಳೆಯಂತೆ ನರಗಳುದ್ದಕ್ಕೆ ಕಪ್ಪಾಗಿದ್ದರೆ ಕೊರಿನೆಸ್ಪೋರ ಎನ್ನುತ್ತಿದ್ದೆ. ದುಂಡು ಕಲೆಯ ಎಲೆ ಉದುರುವಿಕೆ ಇಂಡೊನೇಷ್ಯಾ, ಮಲೇಷ್ಯಾ, ಥಾಯ್ಲೆಂಡ್, ಶ್ರೀಲಂಕಾಗಳಲ್ಲಿ ಕೆಲವು ವರ್ಷಗಳಿಂದ ದೊಡ್ಡ ಹಾನಿ ಮಾಡಿದೆ. ನಿಮ್ಮದು ಅದೇ ಎಂದು ಫೋಟೊ ನೋಡಿ ಹೇಳಲಾರೆ. ಈ ಬಾರಿ ಕಾಣಿಸಿದ ಕೂಡಲೇ ಮರದಲ್ಲೇ ಇರುವ ಎಲೆಗಳನ್ನು ಕಾಗದದ ಲಕೋಟೆಯಲ್ಲಿ ಹಾಕಿ, ಪ್ಲಾಸ್ಟಿಕ್‌ನಲ್ಲಿ ಬೇಡ, ರಬ್ಬರ್ ಮಂಡಳಿಯ ಕಚೇರಿಗೆ ತಲುಪಿಸಿ. ಪರೀಕ್ಷೆಯಾಗುವವರೆಗೆ ಅಂಗಡಿಯವರು ಕೊಟ್ಟ ಮದ್ದನ್ನು ಹೊಡೆಯಬೇಡಿ.

ಕೊಲ್ಲಮೊಗ್ರುವಿನ ಸದಸ್ಯರು: ಅತಿವೃಷ್ಟಿಗೆ ರಬ್ಬರಿಗೂ ಬೆಳೆ ವಿಮೆ ಸಿಗುತ್ತದೆಯೇ?

ಪುತ್ತೂರಿನ ಸದಸ್ಯರು: ಮೇಡಂ, ತಾಮ್ರದ ಮದ್ದಿನ ಬದಲು ಬುಡಕ್ಕೆ ಉಪ್ಪು ಮತ್ತು ಅಡುಗೆ ಸೋಡಾ ಹಾಕಿದರೆ ಎಲೆ ಉದುರುವುದಿಲ್ಲವಂತೆ. ಬಹಳ ಜನರು ಮಾಡಿದ್ದಾರಂತೆ.

ತಜ್ಞೆ: ಬುಡಕ್ಕೆ ಉಪ್ಪು ಹಾಕಿದರೆ ಬೇರು ಸಾಯುತ್ತದೆ. ಇಂಥದ್ದನ್ನು ಇನ್ನೊಮ್ಮೆ ಇಲ್ಲಿ ಹಾಕಿದರೆ ನಾನು ಉತ್ತರಿಸುವುದಿಲ್ಲ.

ಪುತ್ತೂರಿನ ಸದಸ್ಯರು: ಕೇಳಿದ್ದೇ ತಪ್ಪೇ ಮೇಡಂ? ತಿಳಿಯದ್ದಕ್ಕೇ ಕೇಳುವುದು.

ಬೆಳ್ತಂಗಡಿಯ ಸದಸ್ಯರು: ಕೇಳುವುದು ತಪ್ಪಲ್ಲ, ಮೇಲೆ ಬರೆದದ್ದನ್ನು ಓದದೆ ಕೇಳುವುದು ತಪ್ಪು.

ಕಡಬದ ಸದಸ್ಯರು: ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಮದ್ದು) ಹೊಡೆದರೂ ಆಗುತ್ತದೆಯೇ? ಯಾವಾಗ?

ತಜ್ಞೆ: ಆಗುತ್ತದೆ, ಶೇಕಡಾ 1ರದು. ಕಾಲ ಅದೇ. ಹಾಲಿನ ಕಪ್‌ಗಳನ್ನು ಮಗುಚಿಟ್ಟು ಹೊಡೆಯಿರಿ, ತಾಮ್ರ ಬೆರೆತರೆ ರಬ್ಬರ್ ಬೇಗ ಕೆಡುತ್ತದೆ.

ಸಂಪಾಜೆಯ ಸದಸ್ಯರು: ಮೇಡಂ, ಪಂಚಾಯತಿಗೆ ಬರೆದಿದ್ದೇನೆ. ತೋಡು ಬಿಡಿಸಲು ನಾಳೆ ಹಿಟಾಚಿಗೆ ಹೇಳಿದ್ದೇನೆ.

ತಜ್ಞೆ: ನಾಳೆ ಬೇಡ, ಇಲಾಖೆಯವರು ಬಂದು ನೋಡಲಿ. ಅವರು ಒಪ್ಪಿದ ಮೇಲೂ ತುಂಬಿದ ಮಣ್ಣನ್ನು ಮೇಲಿನಿಂದ ಕೆಳಕ್ಕೆ ತೆಗೆಯುತ್ತ ಬನ್ನಿ. ಕೆಳಗಿನಿಂದ ಬರೆಯ ಬುಡವನ್ನು ಕೆರೆದರೆ ಮೇಲಿನದು ಯಂತ್ರದ ಮೇಲೆಯೇ ಬೀಳಬಹುದು. ಬಿರುಕಿನ ಹತ್ತಿರ ಯಂತ್ರವನ್ನು ಒಯ್ಯಬೇಡಿ, ತೆಗೆದ ಮಣ್ಣನ್ನು ತಟ್ಟಿನ ಅಂಚಿನಲ್ಲಿ ರಾಶಿ ಹಾಕಬೇಡಿ. ಕೆಲಸ ನಡೆಯುವಷ್ಟು ದಿನವೂ ಕೆಳಗಿನ ಮನೆಯಲ್ಲಿ ಯಾರೂ ಇರಬಾರದು. ಮಕ್ಕಳಿಗೆ ಶಾಲೆಯ ರಜೆ ಇದೆಯಲ್ಲ, ಅವರನ್ನು ಈ ವಾರವೇ ಕಳಿಸಿ, ಕಳಿಸಿದ ಮೇಲೆ ಇಲ್ಲಿ ತಿಳಿಸಿ.